ತುರ್ತುಕ್‌ಗೆ ಹೋಗಿ ಅದೇ ದಿನ ವಾಪಸ್ ಬರಬೇಕಾ, ಅಲ್ಲೇ ಉಳಿಯಬೇಕಾ?

ಮೈಸೂರು_ಮನೆಮಂದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಗೆ ಲಡಾಖ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಅಮ್ಮ, ಮೂರೇ ಜನ. ಅಮ್ಮನಿಗೆ 63 ವರ್ಷ. ಬಿಪಿಗೆ ಮಾತ್ರೆ ತಗೊಳ್ಳುತ್ತಾರೆ, ಅದು ಬಿಟ್ಟರೆ ಆರೋಗ್ಯ ಚೆನ್ನಾಗಿದೆ, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿದ ಮೇಲೇ ಕಾಫಿ.

ಟ್ರಾವೆಲ್ಸ್‌ನವರು ಕಳಿಸಿದ ಪ್ಲಾನ್‌ನಲ್ಲಿ ಲೇಹ್, ಖರ್ದುಂಗ್ ಲಾ ಪಾಸ್, ನುಬ್ರಾ ಕಣಿವೆಯ ಹುಂಡರ್, ಪ್ಯಾಂಗಾಂಗ್ ಸರೋವರ ಎಲ್ಲ ಇದೆ. ತುರ್ತುಕ್ ಮಾತ್ರ ಹುಂಡರ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಅಂತ ಹಾಕಿದ್ದಾರೆ. ಇಡೀ ಟ್ರಿಪ್‌ನಲ್ಲಿ ನನಗೆ ನೋಡಲೇಬೇಕು ಅನಿಸಿರುವುದೇ ಆ ಊರು. 1971ರವರೆಗೆ ಪಾಕಿಸ್ತಾನದ ಕೈಯಲ್ಲಿತ್ತು, ಯುದ್ಧದಲ್ಲಿ ನಮ್ಮ ಕಡೆ ಬಂತು ಅಂತ ಓದಿದ್ದೇನೆ. "ಅಲ್ಲೇನಿದೆ ಸರ್, ಬರೀ ಹಳ್ಳಿ, ಎರಡು ಗಂಟೆ ಸಾಕು" ಅಂತ ಟ್ರಾವೆಲ್ಸ್‌ನವರು ಹೇಳುತ್ತಾರೆ. ಒಂದು ರಾತ್ರಿ ಉಳಿಯಬೇಕು ಅಂದರೆ ಪ್ಯಾಂಗಾಂಗ್ ಬಿಡಬೇಕಾಗುತ್ತದೆ. ಹೋಗಿ ಬಂದವರು ದಯವಿಟ್ಟು ಹೇಳಿ, ಬಿಡಬಹುದಾ?

ಇನ್ನೂ ಕೆಲವು ಅನುಮಾನಗಳಿವೆ. ಅಮ್ಮನಿಗೆ ಆ ಎತ್ತರ ಆಗುತ್ತದಾ? ಅವರು ಶುದ್ಧ ಸಸ್ಯಾಹಾರಿ, ಊಟಕ್ಕೆ ಕಷ್ಟವಾ? ಗಡಿಗೆ ಅಷ್ಟು ಹತ್ತಿರ ಇರುವುದರಿಂದ ಭಯ ಏನಾದರೂ ಇದೆಯಾ? ಮತ್ತೆ ಅಲ್ಲಿನ ಹಿರಿಯರ ಹತ್ತಿರ ಆ ಹಳೆಯ ದಿನಗಳ ಬಗ್ಗೆ ಕೇಳಿದರೆ ಅವರಿಗೆ ಬೇಜಾರಾಗುತ್ತದಾ? ಈ ಕೊನೆಯ ಪ್ರಶ್ನೆಗೆ ಎಲ್ಲೂ ಸರಿಯಾದ ಉತ್ತರ ಸಿಕ್ಕಿಲ್ಲ.

ಶಿರಸಿ_ಕಡೆಯವಳು ಉತ್ತರಿಸಿದ್ದು:

ಉಳಿಯಿರಿ. ಪ್ಯಾಂಗಾಂಗ್ ಬಿಟ್ಟಾದರೂ ಉಳಿಯಿರಿ. ಸಾಧ್ಯವಾದರೆ ಎರಡು ರಾತ್ರಿ.

ಹುಂಡರ್‌ನಿಂದ ತುರ್ತುಕ್ ಸುಮಾರು 80 ಕಿಲೋಮೀಟರ್, ಆದರೆ ಅದು ಶ್ಯೋಕ್ ನದಿಯ ಪಕ್ಕದಲ್ಲಿ ಬೆಟ್ಟ ಕೊರೆದು ಮಾಡಿದ ದಾರಿ, ಹೋಗುವುದಕ್ಕೇ ಎರಡೂವರೆ ಮೂರು ಗಂಟೆ ಬೇಕು. ಹಾಗೆ ಹೋಗಿ, ಅಲ್ಲಿ ಎರಡು ಗಂಟೆ ಇದ್ದು, ಮತ್ತೆ ಮೂರು ಗಂಟೆ ಗಾಡಿಯಲ್ಲಿ ಕೂತು ಬಂದರೆ ನೀವು ನೋಡುವುದು ರಸ್ತೆ ಮಾತ್ರ. ಅಮ್ಮ ಸುಸ್ತಾಗುತ್ತಾರೆ, ಊರು ಮನಸ್ಸಿಗೆ ಬರುವುದೇ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಬಂದಿಳಿದು ಮೂರಕ್ಕೆ ಹೊರಡುವ ಗಾಡಿಗಳ ಗದ್ದಲ ಮುಗಿದ ಮೇಲೆ ಆ ಊರು ಬೇರೆಯೇ ಆಗುತ್ತದೆ. ಮಕ್ಕಳು ಹೊರಗೆ ಬರುತ್ತಾರೆ, ಹೊಲದಿಂದ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ವಾಪಸ್ ಬರುತ್ತಾರೆ, ಅಜ್ಜಂದಿರು ಕಟ್ಟೆ ಮೇಲೆ ಕೂರುತ್ತಾರೆ. ಆ ಹೊತ್ತಿಗೆ ನೀವು ಅಲ್ಲಿರಬೇಕು.

ಎತ್ತರದ ಬಗ್ಗೆ ಚಿಂತೆ ಬೇಡ. ಲೇಹ್ ಇರುವುದು ಸುಮಾರು 3,500 ಮೀಟರ್‌ನಲ್ಲಿ, ತುರ್ತುಕ್ ಅದಕ್ಕಿಂತ ಕೆಳಗೆ, 3,000 ಮೀಟರ್ ಆಸುಪಾಸು. ಲೇಹ್‌ನಲ್ಲಿ ಸುಧಾರಿಸಿಕೊಂಡ ಮೈಗೆ ಅಲ್ಲಿ ಉಸಿರಾಟ ಹಗುರವಾಗುತ್ತದೆ. ಕಷ್ಟ ಇರುವುದು ನಡುವೆ ದಾಟಬೇಕಾದ ಖರ್ದುಂಗ್ ಲಾದಲ್ಲಿ, ಅದನ್ನು ಬೇರೆ ಯಾರಾದರೂ ವಿವರವಾಗಿ ಹೇಳಲಿ.

ಎತ್ತರ ಕಡಿಮೆ ಇರುವುದರಿಂದಲೇ ಆ ಊರು ಅಷ್ಟು ಹಸಿರು. ಲಡಾಖ್‌ನ ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಬೆಳೆ. ಇಲ್ಲಿ ಬಾರ್ಲಿ ಕೊಯ್ದ ಮೇಲೆ ಅದೇ ಗದ್ದೆಗೆ ಬಕ್‌ವೀಟ್ ಅನ್ನುವ ಧಾನ್ಯ ಬಿತ್ತುತ್ತಾರೆ. ನೀವು ಹೋಗುವ ಹೊತ್ತಿಗೆ ಅದು ಹೂ ಬಿಟ್ಟಿರಬೇಕು, ಗದ್ದೆಯೆಲ್ಲ ತಿಳಿ ಗುಲಾಬಿ. ಸುತ್ತ ಒಂದು ಹುಲ್ಲೂ ಇಲ್ಲದ ಕಂದು ಬೆಟ್ಟ, ನಡುವೆ ಈ ಗದ್ದೆಗಳು. ಎಲ್ಲ ನೀರೂ ಮೇಲಿನ ಹಿಮದಿಂದ ಬರುವ ಹಳ್ಳದ್ದು. ಸಣ್ಣ ಕಾಲುವೆಗಳಲ್ಲಿ ಓಣಿ ಓಣಿಗೂ ಹರಿಯುತ್ತದೆ, ಒಂದು ಕಲ್ಲು ಸರಿಸಿ ಒಬ್ಬರ ಗದ್ದೆಗೆ ಬಿಡುತ್ತಾರೆ, ಅವರದ್ದಾದ ಮೇಲೆ ಕಲ್ಲನ್ನು ಮತ್ತೆ ಇಟ್ಟು ಮುಂದಿನವರಿಗೆ. ನಾನು ಅಡಿಕೆ ತೋಟದಲ್ಲಿ ಬೆಳೆದವಳು, ಅದನ್ನು ಗಂಟೆಗಟ್ಟಲೆ ನೋಡುತ್ತಾ ನಿಂತಿದ್ದೆ.

ಆಗಸ್ಟ್ ಕೊನೆ ಅಂದರೆ ಮರದ ಮೇಲೆ ಏಪ್ರಿಕಾಟ್ ಕಡಿಮೆ, ಮಾಳಿಗೆ ಮೇಲೆ ಜಾಸ್ತಿ. ಪ್ರತಿ ಮನೆಯ ಮಾಳಿಗೆಯಲ್ಲೂ ಒಣಗಲು ಹರಡಿರುತ್ತಾರೆ. ಬೀಜ ಎಸೆಯುವುದಿಲ್ಲ. ನಡುವೆ ಗುಳಿ ಇರುವ ಚಪ್ಪಟೆ ಕಲ್ಲಿನ ಮೇಲೆ ಬೀಜ ನಿಲ್ಲಿಸಿ ಇನ್ನೊಂದು ಕಲ್ಲಿನಿಂದ ಒಂದೇ ಏಟು. ಒಳಗಿನ ಪಪ್ಪು ಸಿಹಿ ಇದ್ದರೆ ತಿನ್ನುವುದಕ್ಕೆ, ಕಹಿ ಇದ್ದರೆ ಎಣ್ಣೆಗೆ. ಕಹಿ ಪಪ್ಪನ್ನು ಮಾತ್ರ ಬಾಯಿಗೆ ಹಾಕಬೇಡಿ, ಜಾಸ್ತಿ ತಿಂದರೆ ವಿಷ. ಎಣ್ಣೆ ಕೈಯಲ್ಲೇ ತೆಗೆಯುತ್ತಾರೆ, ಅರೆದ ಹಿಟ್ಟಿಗೆ ಚೂರು ಚೂರೇ ನೀರು ಸೇರಿಸಿ ನಾದಿ ನಾದಿ ಹಿಂಡುತ್ತಾರೆ. ಅಂಗಡಿಯಲ್ಲಿ ಕೊಳ್ಳುವ ಬದಲು ಮನೆಯವರ ಹತ್ತಿರವೇ ಕೊಳ್ಳಿ. ಚೌಕಾಸಿ ಮಾಡಬೇಡಿ, ಒಂದು ಸಣ್ಣ ಬಾಟಲಿಗೆ ಎಷ್ಟು ಕೈಕೆಲಸ ಅಂತ ನೋಡಿದರೆ ನಿಮಗೇ ಮನಸ್ಸು ಬರುವುದಿಲ್ಲ.

ಇನ್ನೊಂದನ್ನು ಕೇಳಿ ನೋಡಿ, ನಂಗ್‌ಚುಂಗ್. ಕಲ್ಲಿನ ತಣ್ಣನೆ ಕೋಣೆ. ಮಣ್ಣು ಗಾರೆ ಏನೂ ಹಾಕದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿರುತ್ತಾರೆ, ಕಲ್ಲುಗಳ ನಡುವೆ ಸಂದು ಬಿಟ್ಟಿರುತ್ತಾರೆ. ಹಿಮದ ನೀರು ಹರಿಯುವ ಕಡೆಯಿಂದ ಬರುವ ಗಾಳಿ ಆ ಸಂದಿಯಲ್ಲಿ ನುಗ್ಗುತ್ತದೆ. ಹೊರಗೆ ಸುಡುಬಿಸಿಲು, ಸಂದಿಯ ಮುಂದೆ ಕೈ ಇಟ್ಟರೆ ಬೆರಳು ಮರಗಟ್ಟುವಷ್ಟು ತಂಪು. ಬೆಣ್ಣೆ, ಹಾಲು, ಮಾಂಸ ಎಲ್ಲ ಬೇಸಿಗೆಯಲ್ಲಿ ಅಲ್ಲೇ ಇಡುತ್ತಾರೆ. ಕರೆಂಟ್ ಬೇಡ, ಕೆಡುವುದಿಲ್ಲ.

ಊಟಕ್ಕೆ ತೊಂದರೆಯೇ ಇಲ್ಲ. ಅನ್ನ, ಬೇಳೆ, ರೊಟ್ಟಿ, ಸೊಪ್ಪು, ಆಲೂಗಡ್ಡೆ ಎಲ್ಲ ಮನೆಯಲ್ಲೂ ಮಾಡಿಕೊಡುತ್ತಾರೆ. ಕಿಸಿರ್ ಕೇಳಿ ಮಾಡಿಸಿಕೊಳ್ಳಿ. ಬಕ್‌ವೀಟ್ ಹಿಟ್ಟಿನದ್ದು, ನಮ್ಮ ದೋಸೆಯ ಹಾಗೇ ಕಾವಲಿ ಮೇಲೆ ಹುಯ್ಯುತ್ತಾರೆ. ಜೊತೆಗೆ ಮೊಸರಿಗೆ ಸೊಪ್ಪು ಅರೆದು ಹಾಕಿದ ತ್ಸಾಮಿಕ್. ಅಕ್ರೋಟಿನ ಗಟ್ಟಿ ಚಟ್ನಿಯೂ ಸಿಗುತ್ತದೆ, ಅದಕ್ಕೆ ಮುಸ್ಕೋಟ್ ಅನ್ನುತ್ತಾರೆ. ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಮನೆಯವರು ಮಾಂಸ ತಿನ್ನುವವರು, ಹಾಗಾಗಿ ಬೇರೆ ಪಾತ್ರೆ ಬೇಕಾದರೆ ಮೊದಲೇ ಹೇಳಿಬಿಡಿ, ತಪ್ಪು ತಿಳಿಯುವುದಿಲ್ಲ.

ಕೊನೆಯದಾಗಿ ಒಂದು. ಊರು ರಸ್ತೆ ಮಟ್ಟದಲ್ಲಿಲ್ಲ. ಹಳ್ಳದ ಒಂದು ಕಡೆ ಯೂಲ್, ಇನ್ನೊಂದು ಕಡೆ ಫರೋಲ್, ನಡುವೆ ನಡೆದು ದಾಟುವ ಸೇತುವೆ. ರಸ್ತೆಯಿಂದ ಮೇಲಕ್ಕೆ ಹತ್ತಬೇಕು, ಫರೋಲ್ ಕಡೆ ಹತ್ತುವುದು ಸ್ವಲ್ಪ ಕಡಿದು. ರೂಮ್ ಬುಕ್ ಮಾಡುವಾಗ ಎಷ್ಟು ಹತ್ತಬೇಕು, ಲಗೇಜ್ ಯಾರು ತರುತ್ತಾರೆ ಅಂತ ಫೋನ್ ಮಾಡಿ ಕೇಳಿ.

ಹಳೇ_ಫೌಜಿ_ಮಡಿಕೇರಿ ಉತ್ತರಿಸಿದ್ದು:

ತಂಗಿ ಊರಿನ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ದಾರಿ ಮತ್ತು ಸೇನೆಯ ವಿಷಯ ಹೇಳುತ್ತೇನೆ. ಸೇವೆಯಲ್ಲಿದ್ದಾಗ ನುಬ್ರಾದ ಪರ್ತಾಪುರದ ಕಡೆ ಇದ್ದವನು.

ಖರ್ದುಂಗ್ ಲಾ 5,359 ಮೀಟರ್. ಲೇಹ್‌ನಲ್ಲಿ ಕನಿಷ್ಠ ಎರಡು ಪೂರ್ತಿ ದಿನ ಸುಮ್ನೆ ಇರಿ, ವಿಮಾನ ಇಳಿದ ದಿನವೇ ಮಾರ್ಕೆಟ್, ಅರಮನೆ ಅಂತ ಅಮ್ಮನನ್ನು ಓಡಾಡಿಸಬೇಡಿ. ಚೆನ್ನಾಗಿ ನೀರು ಕುಡಿಸಿ. ಪಾಸ್ ಮೇಲೆ ಬೋರ್ಡ್ ಮುಂದೆ ಫೋಟೋಗೆ ಕ್ಯೂ ನಿಂತು ಅರ್ಧ ಗಂಟೆ ಕಳೆಯುವವರನ್ನು ನೋಡಿದ್ದೇನೆ, ತಲೆನೋವು ವಾಂತಿ ಶುರುವಾಗುವುದೇ ಅಲ್ಲಿ. ಹತ್ತು ನಿಮಿಷ ಇದ್ದು ಕೆಳಗಿಳಿಯಿರಿ. ಬಿಪಿ ಮಾತ್ರೆ ತಗೊಳ್ಳುವವರು ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ತಗೊಳ್ಳಬಹುದಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ, ನೆಟ್‌ನಲ್ಲಿ ನೋಡಿ ಕೊಡಬೇಡಿ. ಉಸಿರಾಟ ಕಷ್ಟವಾದರೆ, ಮಾತು ತಡವರಿಸಿದರೆ, ನಡೆಯುವಾಗ ಓಲಾಡಿದರೆ ಒಂದೇ ಮದ್ದು, ತಕ್ಷಣ ಕೆಳಗಿಳಿಸುವುದು.

ಭಯದ ವಿಷಯ. ತುರ್ತುಕ್ ಆಚೆ ತ್ಯಾಕ್ಷಿ, ಅದರಾಚೆ ಥಾಂಗ್, ಅಲ್ಲಿಗೆ ನಮ್ಮ ಕಡೆ ಮುಗಿಯಿತು. ಅದು ನಿಯಂತ್ರಣ ರೇಖೆ. ಪ್ರವಾಸಿಗರು ಹೋಗಬಹುದು ಅಂತ ಬಿಟ್ಟಿರುವ ದಿನಗಳಲ್ಲಿ ಧೈರ್ಯವಾಗಿ ಹೋಗಿ. ಪರಿಸ್ಥಿತಿ ಬಿಗಿಯಾದರೆ ಚೆಕ್‌ಪೋಸ್ಟ್‌ನಲ್ಲೇ ತಡೆಯುತ್ತಾರೆ, ಆಗ ವಾದ ಮಾಡಬೇಡಿ, ಆ ಹುಡುಗರಿಗೆ ಆರ್ಡರ್ ಬಂದಿರುತ್ತದೆ. ಸೇತುವೆ, ಬಂಕರ್, ಸೇನೆಯ ಗಾಡಿ, ಥೋಯಿಸ್ ವಿಮಾನ ನಿಲ್ದಾಣ, ಇವುಗಳ ಫೋಟೋ ವಿಡಿಯೋ ಬೇಡ. ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ.

1971ರ ಬಗ್ಗೆ ಕೇಳಿದ್ದೀರಿ. ಆ ಡಿಸೆಂಬರ್‌ನಲ್ಲಿ ಈ ಕಣಿವೆಯಲ್ಲಿ ಮುಂದೆ ನಿಂತು ನಡೆಸಿದವರು ಮೇಜರ್ ಚೆವಾಂಗ್ ರಿಂಚೆನ್. ಅವರು ಇದೇ ನುಬ್ರಾ ಕಣಿವೆಯ ಸುಮೂರ್‌ನವರು. 1948ರಲ್ಲಿ, ಇನ್ನೂ ಹದಿಹರೆಯದಲ್ಲೇ, ಊರ ಹುಡುಗರನ್ನು ಕಟ್ಟಿಕೊಂಡು ನುಬ್ರಾ ಉಳಿಸಿದ್ದಕ್ಕೆ ಮಹಾವೀರ ಚಕ್ರ ಪಡೆದಿದ್ದರು. 1971ರಲ್ಲಿ ಎರಡನೇ ಸಲ ಅದೇ ಪದಕ. ಲಡಾಖ್ ಸ್ಕೌಟ್ಸ್ ಮತ್ತು ನುಬ್ರಾ ಗಾರ್ಡ್ಸ್ ಹುಡುಗರು, ಕೊರೆಯುವ ಚಳಿ, ಸರಿಯಾದ ರಸ್ತೆಯೂ ಇಲ್ಲ. ಚಾಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ನಾಲ್ಕೂ ಊರು ಕೈಗೆ ಬಂದವು. ಡಿಸೆಂಬರ್ 17ಕ್ಕೆ ಕದನ ವಿರಾಮ. ಮರುವರ್ಷ ಸಿಮ್ಲಾ ಒಪ್ಪಂದದಲ್ಲಿ ಜಮ್ಮು ಕಾಶ್ಮೀರದ ಭಾಗದಲ್ಲಿ ಯಾರು ಎಲ್ಲಿ ನಿಂತಿದ್ದರೋ ಅಲ್ಲೇ ರೇಖೆ ಅಂತಾಯಿತು. ಪಂಜಾಬ್, ರಾಜಸ್ಥಾನದ ಕಡೆ ಗೆದ್ದ ಜಾಗವನ್ನು ವಾಪಸ್ ಕೊಟ್ಟೆವು, ಈ ನಾಲ್ಕು ಊರು ನಮ್ಮಲ್ಲೇ ಉಳಿದವು. ಸೈನಿಕರು ಬಂದಾಗ ಊರವರು ಹೆದರಿದ್ದರು, ರಿಂಚೆನ್ ಊರವರನ್ನು ಗೌರವದಿಂದ ನಡೆಸಿಕೊಂಡರು ಅನ್ನುವ ಮಾತನ್ನು ಅಲ್ಲಿನ ಹಿರಿಯರೇ ಹೇಳುತ್ತಾರೆ. ಒಬ್ಬ ಸೈನಿಕನಾಗಿ ನನಗೆ ಪದಕಕ್ಕಿಂತ ಆ ಮಾತು ದೊಡ್ಡದು.

1999ರಲ್ಲೂ ಇದು ಯುದ್ಧದ ಜಾಗ. ಕ್ಯಾಪ್ಟನ್ ಹನೀಫುದ್ದೀನ್, 11 ರಾಜಪುತಾನಾ ರೈಫಲ್ಸ್, ಇದೇ ತುರ್ತುಕ್ ಬೆಟ್ಟಗಳ ಮೇಲೆ ಜೂನ್‌ನಲ್ಲಿ ಪ್ರಾಣ ಕೊಟ್ಟರು. ವೀರ ಚಕ್ರ ಬಂತು, ಆ ಭಾಗಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇನ್ನೊಂದು ಮಾತು, ನಮ್ಮವರು ಅನ್ನುವ ಕಾರಣಕ್ಕೆ. ಖಾಲ್ಸರ್ ಹತ್ತಿರ ದಾರಿ ಎರಡಾಗುತ್ತದೆ. ಒಂದು ನಿಮ್ಮನ್ನು ದಿಸ್ಕಿತ್, ತುರ್ತುಕ್ ಕಡೆ ಒಯ್ಯುತ್ತದೆ, ಇನ್ನೊಂದು ಪನಾಮಿಕ್ ಮೇಲೆ ಸಿಯಾಚಿನ್ ಕಡೆ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಹಿಮದಡಿ ಆರು ದಿನ ಜೀವ ಹಿಡಿದದ್ದು ಆ ಕಡೆಯೇ. ಅದೇ ಹಿಮಕುಸಿತದಲ್ಲಿ ಹಾಸನದ, ಮೈಸೂರಿನ ಹುಡುಗರೂ ಹೋದರು. ಆ ಕವಲು ದಾಟುವಾಗ ಅಮ್ಮನಿಗೆ ಹೇಳಿ. ಅಲ್ಲಿನ ಪೋಸ್ಟ್‌ಗಳಿಗೆ ಸೀಮೆಎಣ್ಣೆ, ರೇಷನ್ ಹೊತ್ತು ಕೊಡುವ ಹೊರೆಯಾಳುಗಳಲ್ಲಿ ಬಹಳ ಜನ ನುಬ್ರಾ ಮತ್ತು ಈ ಕಡೆಯ ಊರಿನವರು. ಅವರ ಹೆಸರು ಪೇಪರ್‌ನಲ್ಲಿ ಬರುವುದು ಕಡಿಮೆ.

ಧಾರವಾಡ್_ಪೇಡೆ ಉತ್ತರಿಸಿದ್ದು:

ಸರ್, ಯುದ್ಧದ ಕಡೆಯಿಂದ ನೀವು ಹೇಳಿದ್ದು ಸರಿ. ಮನೆಗಳ ಕಡೆಯಿಂದಲೂ ಸ್ವಲ್ಪ ಹೇಳಬೇಕು ಅನಿಸಿತು. ನಾನು ಓದುತ್ತಿರುವುದೇ ಈ ವಿಷಯ, ಹಾಗಾಗಿ ಉದ್ದವಾದರೆ ಕ್ಷಮಿಸಿ.

ತುರ್ತುಕ್‌ನ ಜನ ಬಾಲ್ಟಿಗಳು. ಹೆಚ್ಚಿನವರು ನೂರ್‌ಬಕ್ಷಿಯಾ ಮುಸ್ಲಿಮರು, ಅದು ಸೂಫಿ ಪಂಥ. ಅವರ ಬಾಲ್ಟಿ ಭಾಷೆ ಟಿಬೆಟನ್ ಕುಟುಂಬದ್ದು. ಇಸ್ಲಾಂ ಬರುವ ಮೊದಲು ಈ ನಾಡೆಲ್ಲ ಬೌದ್ಧರದ್ದು, ಊರ ಮೇಲೆ ಇವತ್ತೂ ಒಂದು ಪುಟ್ಟ ಗೊಂಪಾ, ಅಂದರೆ ಬೌದ್ಧ ಮಠ, ಇದೆ, ಕೆಳಗೆ ಮರದ ಕೆತ್ತನೆಯ ಹಳೆಯ ಮಸೀದಿ ಇದೆ. ಎರಡನ್ನೂ ನೋಡಿ. ಈ ಊರಿನ ಮುಖ ಹಿಂದೆ ಇದ್ದದ್ದು ಲೇಹ್ ಕಡೆಗಲ್ಲ, ಶ್ಯೋಕ್ ಹರಿದು ಹೋಗುವ ಕಡೆಗೆ, ಅಂದರೆ ಈಗ ಪಾಕಿಸ್ತಾನದ ಕೈಯಲ್ಲಿರುವ ಖಪ್ಲು, ಸ್ಕರ್ದು ಕಡೆಗೆ. ಖಪ್ಲು ಆಳಿದ ಯಾಬ್ಗೋ ಮನೆತನದ ಹಳೆಯ ಮನೆ ತುರ್ತುಕ್‌ನಲ್ಲಿದೆ, ವಂಶದವರೇ ಅದನ್ನು ಸಣ್ಣ ಮ್ಯೂಸಿಯಂ ಮಾಡಿಕೊಂಡು ತೋರಿಸುತ್ತಾರೆ. ಮದುವೆ, ವ್ಯಾಪಾರ, ಓದು ಎಲ್ಲ ಆ ಕಡೆಯೇ.

ಈಗ ಆ ಡಿಸೆಂಬರನ್ನು ಯೋಚನೆ ಮಾಡಿ. ಯಾರದ್ದೋ ಮಗ ಸ್ಕರ್ದುವಿನಲ್ಲಿ ಓದುತ್ತಿದ್ದ. ಯಾರದ್ದೋ ಗಂಡ ಲಾಹೋರ್‌ಗೋ ಕರಾಚಿಗೋ ಕೂಲಿಗೆ ಹೋಗಿದ್ದ. ಕೆಲವರು ಆ ಕಡೆಯ ಸೈನ್ಯದಲ್ಲೇ ಕೆಲಸದಲ್ಲಿದ್ದರು. ಊರು ಎಲ್ಲಿತ್ತೋ ಅಲ್ಲೇ ಇತ್ತು, ರಾತ್ರೋರಾತ್ರಿ ದೇಶ ಬದಲಾಯಿತು, ಹೊರಗಿದ್ದವರು ಹೊರಗೇ ಉಳಿದರು. ಹೆಂಡತಿ ಇಲ್ಲಿ, ಗಂಡ ಅಲ್ಲಿ. ಅಣ್ಣ ಇಲ್ಲಿ, ತಮ್ಮ ಅಲ್ಲಿ. ಎಂಬತ್ತು ದಾಟಿದ ಅಜ್ಜ ಒಬ್ಬರು ಅಲ್ಲಿದ್ದರೆ ಅವರು ಹುಟ್ಟಿದ್ದು ಮಹಾರಾಜರ ಕಾಶ್ಮೀರದಲ್ಲಿ, ಬೆಳೆದದ್ದು ಪಾಕಿಸ್ತಾನದ ಆಡಳಿತದಲ್ಲಿ, ಸಂಸಾರ ಮಾಡಿದ್ದು ಭಾರತದಲ್ಲಿ, ಮನೆ ಮಾತ್ರ ಒಂದೇ.

ದಾರಿ ತೆರೆದಿದ್ದರೆ ಖಪ್ಲುವಿಗೆ ಒಂದೇ ದಿನದಲ್ಲಿ ಮುಟ್ಟಬಹುದು. ನಿಜವಾಗಿ ಒಬ್ಬ ಅಕ್ಕನನ್ನು ನೋಡಲು 2025ರವರೆಗೆ ಇದ್ದ ದಾರಿ ಅಂದರೆ ಲೇಹ್, ಅಲ್ಲಿಂದ ದೆಹಲಿ, ವೀಸಾಕ್ಕೆ ಕಾಯುವುದು, ಸಿಕ್ಕರೆ ಪಂಜಾಬಿನ ಅಟ್ಟಾರಿ ಗಡಿ ದಾಟಿ ಲಾಹೋರ್, ಅಲ್ಲಿಂದ ಮತ್ತೆ ಉತ್ತರಕ್ಕೆ ಸ್ಕರ್ದುವರೆಗೆ. ಮಾಳಿಗೆ ಮೇಲೆ ಹಣ್ಣು ಒಣಗಿಸಿ ಬದುಕುವ ಮನೆಗೆ ಆ ಖರ್ಚು ಎಲ್ಲಿಂದ ಬರಬೇಕು? 2005ರಲ್ಲಿ ನಿಯಂತ್ರಣ ರೇಖೆ ದಾಟುವ ಶ್ರೀನಗರ–ಮುಜಫರಾಬಾದ್ ಬಸ್ ಶುರುವಾಯಿತು, ಮರುವರ್ಷ ಪೂಂಚ್–ರಾವಲಕೋಟ್. ಕಾರ್ಗಿಲ್–ಸ್ಕರ್ದು ದಾರಿಯನ್ನೂ ತುರ್ತುಕ್–ಖಪ್ಲು ದಾರಿಯನ್ನೂ ತೆರೆಯಿರಿ ಅಂತ ಲಡಾಖ್‌ನ ಜನ ಕೇಳುತ್ತಲೇ ಬಂದರು, ಆಗಲಿಲ್ಲ. 2019ರಲ್ಲಿ ಆ ಬಸ್ಸುಗಳೂ ನಿಂತವು. 2025ರಲ್ಲಿ ಅಟ್ಟಾರಿಯ ಗೇಟನ್ನೂ ಮುಚ್ಚಿದರು. ಹಜ್‌ಗೆ ಹೋದಾಗ ಮೆಕ್ಕಾದಲ್ಲಿ ತಮ್ಮವರನ್ನು ಕಂಡು ಬಂದವರಿದ್ದಾರೆ. ಈಗ ಮೊಬೈಲ್ ಇದೆ, ಮುಖ ನೋಡುತ್ತಾರೆ, ಮಾತಾಡುತ್ತಾರೆ. ಸಾವಿಗೆ ಮಾತ್ರ ಹೋಗಲಾಗುವುದಿಲ್ಲ.

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ನೀವಾಗಿ ಕೇಳಬೇಡಿ. ದಿನಾ ಹತ್ತು ಗಾಡಿ ಬರುತ್ತವೆ, ಪ್ರತಿ ಗಾಡಿಯಿಂದ ಯಾರೋ ಇಳಿದು ಮೊಬೈಲ್ ಆನ್ ಮಾಡಿ "ಅಂಕಲ್, ನಿಮಗೆ ಇಂಡಿಯಾ ಇಷ್ಟವಾ, ಪಾಕಿಸ್ತಾನ ಇಷ್ಟವಾ" ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳುವ ಹಕ್ಕು ನಮಗೆ ಯಾರು ಕೊಟ್ಟರು? ಥಾಂಗ್‌ನಲ್ಲಿ ದುರ್ಬೀನು ಇಟ್ಟಿದ್ದಾರೆ, ಆಚೆ ಕಾಣುವ ಫರಾನು ಹಳ್ಳಿಯನ್ನು ನೋಡಿ "ನೋಡು ನೋಡು ಪಾಕಿಸ್ತಾನ" ಅಂತ ಕೂಗುತ್ತಾರೆ. ದುರ್ಬೀನು ಹಿಡಿದು ಕೊಡುವ ಹುಡುಗನ ಅಜ್ಜಿಯ ತಂಗಿ ಆ ಹಳ್ಳಿಯಲ್ಲಿ ಇರಬಹುದು. ನನಗಂತೂ ಅಲ್ಲಿಗೆ ಹೋಗುವುದೇ ಬೇಡ ಅನಿಸುತ್ತದೆ.

ಶಿರಸಿ_ಕಡೆಯವಳು ಉತ್ತರಿಸಿದ್ದು:

ತಮ್ಮಾ, ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಪೂರ್ತಿ ಒಪ್ಪುವುದಿಲ್ಲ.

ಆ ದುರ್ಬೀನು ಇಟ್ಟವರು ಊರಿನ ಹುಡುಗರೇ. 2010ರವರೆಗೆ ಹೊರಗಿನವರು ತುರ್ತುಕ್‌ಗೆ ಕಾಲಿಡುವಂತಿರಲಿಲ್ಲ, ಥಾಂಗ್ ತೆರೆದದ್ದು ಇನ್ನೂ ಇತ್ತೀಚೆಗೆ. ಅಲ್ಲಿಯವರೆಗೆ ಗಂಡಸರಿಗೆ ಸೇನೆಯ ಹೊರೆ ಕೆಲಸ, ರಸ್ತೆ ಕೆಲಸ, ಅಷ್ಟೇ. ಈಗ ಟೀ ಅಂಗಡಿ, ಹೋಂಸ್ಟೇ, ಏಪ್ರಿಕಾಟ್ ವ್ಯಾಪಾರ ಅಂತ ಮನೆಯಲ್ಲೇ ಇದ್ದು ನಾಲ್ಕು ಕಾಸು ನೋಡುತ್ತಿದ್ದಾರೆ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ನಾವು ಹೋಗದಿದ್ದರೆ ಆ ನೋವು ಕಡಿಮೆಯಾಗುವುದಿಲ್ಲ, ಆ ಹುಡುಗನ ಸಂಪಾದನೆ ಕಡಿಮೆಯಾಗುತ್ತದೆ. ಹೋಗಿ. ಕೂಗಾಡಬೇಡಿ, ಅಷ್ಟೇ. ಟೀ ಕುಡಿಯಿರಿ, ದುಡ್ಡು ಕೊಡಿ.

ಮತ್ತೆ ಹಿರಿಯರು ಮಾತಾಡುವುದಿಲ್ಲ ಅಂತೇನಿಲ್ಲ. ನಾನಿದ್ದ ಮನೆಯ ಅಜ್ಜಿ ಮೊದಲ ರಾತ್ರಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮರುದಿನ ಬೀಜ ಒಡೆಯುವುದಕ್ಕೆ ಪಕ್ಕದಲ್ಲಿ ಕೂತೆ. ನಮ್ಮಲ್ಲಿ ಅಡಿಕೆ ಸುಲಿಯುವುದನ್ನು ಕೈಯಲ್ಲೇ ತೋರಿಸಿದೆ, ಮೊಬೈಲ್‌ನಲ್ಲಿ ತೋಟದ ಫೋಟೋ ತೋರಿಸಿದೆ. ಆಮೇಲೆ ಅವರೇ ಸೊಸೆಯನ್ನು ಕರೆದು ಹಿಂದಿಯಲ್ಲಿ ಹೇಳಿಸಿದರು. ಅಣ್ಣ ಆ ಕಡೆ ಇದ್ದದ್ದು, ಅವನ ಮಕ್ಕಳು ಈಗ ಫೋನ್ ಮಾಡುವುದು, ಅವನು ಹೋದಾಗ ಸುದ್ದಿ ಬಂದದ್ದು. ನಾನು ಏನೂ ಕೇಳಲಿಲ್ಲ. ಅವರಿಗೆ ಹೇಳಬೇಕಿತ್ತು, ಹೇಳಿದರು. ಒಂದು ರಾತ್ರಿಯಲ್ಲ, ಎರಡು ರಾತ್ರಿ ಇರಿ ಅಂತ ನಾನು ಹೇಳುವುದು ಇದಕ್ಕೇ.

ಮೈಸೂರಿನವರೇ, ನಿಮ್ಮ ಅಮ್ಮ ಜೊತೆಗಿರುವುದು ದೊಡ್ಡ ಅನುಕೂಲ. ಭಾಷೆ ಬರದಿದ್ದರೂ ಅಡುಗೆಮನೆಯಲ್ಲಿ ಅವರಿಗೆ ಜಾಗ ಸಿಗುತ್ತದೆ. ಹೆಂಗಸರ ಫೋಟೋ ಮಾತ್ರ ಕೇಳದೆ ತೆಗೆಯಬೇಡಿ, ಬಹಳ ಜನಕ್ಕೆ ಅಲ್ಲಿ ಇಷ್ಟವಿಲ್ಲ. ಮಕ್ಕಳಿಗೆ ಚಾಕೊಲೇಟ್ ಹಂಚಿ ಅಭ್ಯಾಸ ಮಾಡಿಸಬೇಡಿ. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಧಾರವಾಡ್_ಪೇಡೆ ಉತ್ತರಿಸಿದ್ದು:

ಅಕ್ಕಾ, ಸಂಪಾದನೆಯ ಮಾತು ಒಪ್ಪಿದೆ. ಫೋನ್ ಕ್ಯಾಮೆರಾ ಹಿಡಿದು ಕೇಳುವುದರ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ. ಆ ಅಜ್ಜಿಯ ವಿಷಯ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಮೈಸೂರು_ಮನೆಮಂದಿ ಉತ್ತರಿಸಿದ್ದು:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಡೀ ಥ್ರೆಡ್ ಅಮ್ಮನಿಗೆ ಓದಿ ಹೇಳಿದೆ. ಹನುಮಂತಪ್ಪ ಅವರ ಹೆಸರು ಬಂದಾಗ ಅಮ್ಮ ಕಣ್ಣೊರೆಸಿಕೊಂಡರು, ಆಗ ಟಿವಿ ಮುಂದೆ ಕೂತು ದೇವರಿಗೆ ಹರಕೆ ಹೊತ್ತಿದ್ದರಂತೆ. ಪ್ಯಾಂಗಾಂಗ್ ಬಿಟ್ಟೆವು. ಲೇಹ್‌ನಲ್ಲಿ ಒಂದು ದಿನ ಜಾಸ್ತಿ, ತುರ್ತುಕ್‌ನಲ್ಲಿ ಎರಡು ರಾತ್ರಿ. ಟ್ರಾವೆಲ್ಸ್‌ನವರಿಗೆ ಹೇಳಿದ್ದೇನೆ, ಅವರಿಗೆ ಅಷ್ಟೊಂದು ಖುಷಿಯಿಲ್ಲ, ಇರಲಿ.

ಇನ್ನೆರಡು ಪ್ರಶ್ನೆ. ಪರ್ಮಿಟ್ ಬೇಕಾ? ದುಡ್ಡು, ಫೋನ್ ಹೇಗೆ? ಮನೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರೆ, ದಿನಕ್ಕೊಂದು ಕಾಲ್ ಆದರೂ ಮಾಡಬೇಕು.

ಹುಬ್ಬಳ್ಳಿ_ಬುಲೆಟ್ ಉತ್ತರಿಸಿದ್ದು:

ಅಣ್ಣಾ, ಬೈಕ್‌ನಲ್ಲಿ ಹೋಗಿ ಬಂದವನು ನಾನು, ಈ ಎರಡಕ್ಕೆ ಉತ್ತರ ನನ್ನ ಹತ್ತಿರ ಇದೆ.

ಭಾರತೀಯರಿಗೆ ಹಳೆಯ ಇನ್ನರ್ ಲೈನ್ ಪರ್ಮಿಟ್ 2021ರಲ್ಲಿ ತೆಗೆದರು. ಪರಿಸರ ಶುಲ್ಕ ಅಂತ ಆನ್‌ಲೈನ್‌ನಲ್ಲಿ ಕಟ್ಟಬೇಕು, ಆ ರಸೀದಿಯನ್ನು ಚೆಕ್‌ಪೋಸ್ಟ್‌ನಲ್ಲಿ ಕೇಳುತ್ತಾರೆ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಲೇಹ್ ಆಡಳಿತದ ವೆಬ್‌ಸೈಟ್ ನೋಡಿಬಿಡಿ. ರಸೀದಿ ಮತ್ತು ಆಧಾರ್ ಎರಡರದ್ದೂ ನಾಲ್ಕೈದು ಝೆರಾಕ್ಸ್ ಇಟ್ಟುಕೊಳ್ಳಿ, ಒರಿಜಿನಲ್ ಆಧಾರ್ ಕೈಚೀಲದಲ್ಲೇ ಇರಲಿ.

ನಿಮ್ಮ ಕರ್ನಾಟಕದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಎಲ್ಲೂ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು. ಈಗಲೇ ಬದಲಾಯಿಸಿಕೊಳ್ಳಿ, ಹೊರಡುವ ಹಿಂದಿನ ದಿನ ಅಂದರೆ ಆಗುವುದಿಲ್ಲ. ಖರ್ದುಂಗ್ ಲಾ ದಾಟಿದ ಮೇಲೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಅಪ್ಪನಿಗೆ ಮೊದಲೇ ಹೇಳಿಡಿ, ಒಂದು ದಿನ ಕಾಲ್ ಬರದಿದ್ದರೆ ಗಾಬರಿಯಾಗಬಾರದು. ಹೋಂಸ್ಟೇಯವರ ನಂಬರನ್ನೂ ಅವರಿಗೆ ಕೊಟ್ಟಿರಿ.

ದುಡ್ಡನ್ನು ಲೇಹ್‌ನಲ್ಲೇ ತೆಗೆದುಕೊಂಡು ಹೊರಡಿ. ದಿಸ್ಕಿತ್‌ನಲ್ಲಿ ಎಟಿಎಂ ಇದೆ, ದುಡ್ಡು ಇರುತ್ತದೆ ಅಂತ ನಂಬಿ ಹೋಗಬೇಡಿ. ಪೆಟ್ರೋಲ್ ಕೂಡ ದಿಸ್ಕಿತ್‌ನಲ್ಲೇ ತುಂಬಿಸಬೇಕು, ಮುಂದೆ ಇಲ್ಲ. ಲೇಹ್‌ನಿಂದ ತುರ್ತುಕ್‌ಗೆ ಬಸ್ಸೂ ಇದೆ, ದಿನಾ ಇಲ್ಲ, ಅಮ್ಮನ ಜೊತೆ ಅದು ಬೇಡ. ಬೇರೆ ಊರಿನಿಂದ ಬಾಡಿಗೆ ಗಾಡಿ ತಂದರೆ ಅಲ್ಲಿನ ಟ್ಯಾಕ್ಸಿಯವರು ಓಡಿಸಲು ಬಿಡುವುದಿಲ್ಲ, ಲೇಹ್‌ನ ಗಾಡಿಯನ್ನೇ ಮಾತಾಡಿ. ಡ್ರೈವರ್ ಕೂಡ ಎರಡು ರಾತ್ರಿ ಅಲ್ಲೇ ಉಳಿಯುತ್ತಾರೆ ಅಂತ ಬಾಡಿಗೆ ಮಾತಾಡುವಾಗಲೇ ಹೇಳಿ, ಅವರಿಗೆ ಮಲಗಲು ಜಾಗ ಕೇಳಿಕೊಳ್ಳಿ.

ಟಾರ್ಚ್ ತಗೊಳ್ಳಿ, ಓಣಿಗಳಲ್ಲಿ ರಾತ್ರಿ ಕತ್ತಲು, ಪಕ್ಕದಲ್ಲೇ ಕಾಲುವೆ ಹರಿಯುತ್ತಿರುತ್ತದೆ. ಆಗಸ್ಟ್‌ನಲ್ಲೂ ಸಂಜೆ ಮೇಲೆ ಸ್ವೆಟರ್ ಬೇಕು. ವಾಪಸ್ ವಿಮಾನಕ್ಕೂ ಮುಂಚೆ ಲೇಹ್‌ನಲ್ಲಿ ಒಂದು ಖಾಲಿ ದಿನ ಇಟ್ಟುಕೊಳ್ಳಿ, ಪಾಸ್ ಮೇಲೆ ಹಿಮ ಬಿದ್ದರೆ ಅಥವಾ ಶ್ಯೋಕ್ ಪಕ್ಕದಲ್ಲಿ ಗುಡ್ಡ ಕುಸಿದರೆ ರಸ್ತೆ ಯಾವಾಗ ತೆರೆಯುತ್ತದೆ ಅಂತ ಯಾರೂ ಹೇಳುವುದಕ್ಕಾಗುವುದಿಲ್ಲ.